ಮಣೆಯ ಮೇಲಣ ಸಮರ ಮತ್ತು ಸ್ತ್ರೀಯರು: ದೊಡ್ಡಬೆಳವಂಗಲದ ಪರಿಸರದಿಂದ ಒಂದು ವಿಚಾರ

ಸೇನೆಗಳನ್ನು ಕಾಯಿಗಳಾಗಿಯೂ ರಣಭೂಮಿಯನ್ನು ಮಣೆಯಾಗಿಯೂ ಕಲ್ಪಿಸಿಕೊಂಡು, ರಕ್ತಪಾತವಿಲ್ಲದೆ ಯುದ್ಧದ ಬುದ್ಧಿಯನ್ನು ಮಾತ್ರ ಸಾಣೆಹಿಡಿಯುವ ಕ್ರೀಡೆಯ ಸುತ್ತ ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡದೊಂದು ಸಾಹಿತ್ಯವೂ ಸಂಘಜೀವನವೂ ಬೆಳೆದುನಿಂತಿವೆ. ಪ್ರಷ್ಯಾದ ಸೇನಾಧಿಕಾರಿಯಾದ ರೈಸ್ವಿಟ್ಸನು ತನ್ನ ತಂದೆ ಆರಂಭಿಸಿದ್ದ ಆಟವನ್ನು ತಿದ್ದಿ, 1824ರಲ್ಲಿ ಅದರ ನಿಯಮಗಳನ್ನು ಪ್ರಕಟಿಸಿದಂದಿನಿಂದ ಅದು ಸೈನಿಕಶಿಕ್ಷಣದ ಅಂಗವಾಯಿತು, 1913ರಲ್ಲಿ ಎಚ್. ಜಿ. ವೆಲ್ಸನು ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದು ಅದನ್ನು ಗೃಹಸ್ಥನ ಮನೆಯ ನೆಲಕ್ಕೆ ಇಳಿಸಿದನು. 1950ರ ದಶಕದಲ್ಲಿ ಅಮೆರಿಕೆಯ ಚಾರ್ಲ್ಸ್ ರಾಬರ್ಟ್ಸನು ಅದನ್ನು ಪೆಟ್ಟಿಗೆಯಲ್ಲಿಟ್ಟು ಮಾರುವ ವಸ್ತುವನ್ನಾಗಿ ಮಾಡಿದನು. ಈ ಮೂರು ಘಟ್ಟಗಳಲ್ಲಿಯೂ ಆಟಗಾರನೆಂದರೆ ಗಂಡಸೇ ಎಂಬುದು ಯಾರೂ ಪ್ರಶ್ನಿಸದೆ ಉಳಿದ ಊಹೆ. ವೆಲ್ಸನಂತೂ ತನ್ನ ಪುಸ್ತಕದ ಉಪಶೀರ್ಷಿಕೆಯಲ್ಲಿಯೇ ಅದು ಹುಡುಗರ ಆಟವೆಂದು ಸಾರಿ, ಹುಡುಗರ ಅಭಿರುಚಿಯನ್ನು ಹಂಚಿಕೊಂಡ ಜಾಣ ಹುಡುಗಿಗೆ ಅದರ ಅಂಚಿನಲ್ಲಿ ಎಡೆಮಾಡಿಕೊಟ್ಟನು. ನೂರು ವರ್ಷಗಳು ಕಳೆದ ಮೇಲೆಯೂ ಆ ಎಡೆ ಹೆಚ್ಚು ವಿಸ್ತರಿಸಿಲ್ಲ. ಹೆಂಗಸರನ್ನು ಈ ಕ್ರೀಡೆಗೆ ಕರೆತರುವುದು ಹೇಗೆಂದು ಅದರ ಅಭಿಮಾನಿಗಳು ಇಂದಿಗೂ ತಮ್ಮತಮ್ಮಲ್ಲಿ ಚರ್ಚಿಸುತ್ತಲೇ ಇದ್ದಾರೆ.

ಆ ಪ್ರಶ್ನೆಯನ್ನು ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿಗ್ರಾಮವಾದ ದೊಡ್ಡಬೆಳವಂಗಲದಲ್ಲಿ ನಿಂತು ವಿಚಾರಿಸುವುದು ಈ ಲೇಖನದ ಉದ್ದೇಶ. ಸೀಸದ ಸಿಪಾಯಿಗಳನ್ನು ಕಾಣದ ಈ ಸೀಮೆಗೂ ಆ ಕ್ರೀಡೆಗೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಸಂಬಂಧವು ಕಲ್ಲಿನಲ್ಲಿ ಕೊರೆದಿದೆ. ನಮ್ಮ ನಾಡಿನ ಹಳೆಯ ದೇವಾಲಯಗಳ ಹಾಸುಗಲ್ಲುಗಳ ಮೇಲೆ, ಮಂಟಪಗಳ ಜಗತಿಗಳ ಮೇಲೆ, ಕೋಟೆಬಾಗಿಲಿನ ಕಾವಲುಕಟ್ಟೆಗಳ ಮೇಲೆ ತ್ರಿಕೋಣಾಕೃತಿಯ ರೇಖೆಗಳಾಗಿ ಉಳಿದಿರುವ ಹುಲಿ-ಕುರಿ ಆಟದ ಮಣೆಗಳನ್ನು ಕಾಣದವರು ವಿರಳ. ಈ ಆಟವು ಶುದ್ಧವಾದ ಸಮರಕ್ರೀಡೆಯೆಂಬುದೂ, ಚದುರಂಗಕ್ಕೆ ಇಲ್ಲದ ಒಂದು ವಿಶೇಷ ಗುಣ ಇದಕ್ಕಿದೆಯೆಂಬುದೂ ಗಮನಾರ್ಹ. ಚದುರಂಗದಲ್ಲಿ ಉಭಯಪಕ್ಷಗಳ ಬಲವೂ ಸಮಾನ; ಇಲ್ಲಿಯಾದರೋ ಒಂದು ಪಕ್ಷಕ್ಕೆ ಮೂರೇ ಹುಲಿಗಳು, ಇನ್ನೊಂದಕ್ಕೆ ಬಹುಪ್ರಚುರವಾದ ಪ್ರಕಾರದಲ್ಲಿ ಹದಿನೈದು ಕುರಿಗಳು. ಹುಲಿಯು ಪಕ್ಕದ ಕುರಿಯನ್ನು ನೇರವಾಗಿ ಹಾರಿ, ಆಚೆಯ ಮನೆ ಖಾಲಿಯಿದ್ದರೆ ಅದನ್ನು ಕೊಲ್ಲಬಲ್ಲದು. ಕುರಿಗೆ ಕೊಲ್ಲುವ ಶಕ್ತಿಯಿಲ್ಲ, ಒಗ್ಗೂಡಿ ನಿಂತು ದಾರಿಕಟ್ಟುವ ಶಕ್ತಿ ಮಾತ್ರವಿದೆ. ಕುರಿಗಳನ್ನೆಲ್ಲ ಒಂದೊಂದಾಗಿ ಮಣೆಯ ಮೇಲೆ ಹೂಡಿ ಮುಗಿಯುವವರೆಗೆ ಅವುಗಳಲ್ಲಿ ಯಾವುದನ್ನೂ ನಡೆಸುವಂತಿಲ್ಲವಾದ್ದರಿಂದ, ಮೊದಲ ಕುರಿಯನ್ನಿಡುವಾಗಲೇ ಕಡೆಯ ಕುರಿಯ ಸ್ಥಾನವನ್ನು ಮನಸ್ಸಿನಲ್ಲಿ ಕಂಡಿರುವವರಿಗೆ ಜಯ ಸುಲಭ. ಅಲ್ಪಸಂಖ್ಯೆಯ ಪ್ರಬಲನಿಗೂ ಬಹುಸಂಖ್ಯೆಯ ದುರ್ಬಲನಿಗೂ ನಡೆಯುವ ಈ ವಿಷಮಯುದ್ಧವನ್ನು ರಚಿಸಲು ಇಂದಿನ ಆಟಶಿಲ್ಪಿಗಳು ಬಹಳ ಶ್ರಮಪಡುತ್ತಾರೆ. ನಮ್ಮ ದನಗಾಹಿ ಹುಡುಗರು ಇದ್ದಿಲ ತುಂಡಿನಿಂದ ಅದನ್ನು ಬಂಡೆಯ ಮೇಲೆ ಬರೆದುಕೊಂಡು ಆಡುತ್ತಿದ್ದರು.

ದನಗಾಹಿ ಹುಡುಗರು ಎಂದೆನಷ್ಟೆ. ನಮ್ಮ ಸಮಸ್ಯೆಯ ಬೇರು ಇರುವುದು ಅಲ್ಲಿಯೇ. ಕಲ್ಲಿನಲ್ಲಿ ಕೊರೆದ ಮಣೆಗಳು ಎಲ್ಲಿವೆಯೆಂಬುದನ್ನು ನೋಡಿದರೆ, ಯಾರು ಎಲ್ಲಿ ನಿಶ್ಚಿಂತೆಯಿಂದ ಕುಳಿತುಕೊಳ್ಳಬಹುದಾಗಿತ್ತೆಂಬ ಸಾಮಾಜಿಕ ಇತಿಹಾಸವೇ ಗೋಚರಿಸುತ್ತದೆ. ಅರಳಿಕಟ್ಟೆ, ಮಂಟಪ, ಚಾವಡಿ ಇವೆಲ್ಲವೂ ಪುರುಷರ ವಿರಾಮಸ್ಥಾನಗಳು. ಹೆಂಗಸರು ಆಟವಾಡಿದ್ದು ನಡುಮನೆಯಲ್ಲಿ, ಹಿತ್ತಲ ಜಗಲಿಯಲ್ಲಿ. ಅವರ ಚೌಕಾಬಾರದ ಮನೆಗಳನ್ನು ಸೀಮೆಸುಣ್ಣದಲ್ಲಿ ಬರೆದು ಆಟ ಮುಗಿದೊಡನೆ ಒರೆಸುತ್ತಿದ್ದುದರಿಂದ ಅವುಗಳಿಗೆ ಶಿಲಾಸಾಕ್ಷ್ಯವಿಲ್ಲ. ಅವರ ಕಾಯಿಗಳು ಬಳೆಚೂರು, ಹುಣಸೆಬೀಜ, ಕಡಲೆಕಾಯಿ ಸಿಪ್ಪೆ. ಪುರಾತತ್ತ್ವಜ್ಞನ ಕಣ್ಣಿಗೆ ಬೀಳದ ಈ ಸಾಮಗ್ರಿಯ ದೆಸೆಯಿಂದಲೇ ಸ್ತ್ರೀಯರು ಯುದ್ಧಕ್ರೀಡೆಯಿಂದ ದೂರವಿದ್ದರೆಂಬ ಭ್ರಮೆ ನಮ್ಮಲ್ಲಿ ನೆಲೆಯೂರಿದೆ.

ಚೌಕಾಬಾರವನ್ನು ಕಾಲಹರಣದ ಹಾಸಂಗಿಯಾಟವೆಂದು ತಳ್ಳಿಹಾಕುವವರು ಅದನ್ನು ನೆಟ್ಟಗೆ ಆಡಿದವರಲ್ಲ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮವೊಂದೇ ಸಾಕು, ಅದರ ಸಾಮರಿಕ ಸ್ವಭಾವವನ್ನು ತೋರಿಸಲು. ಕಟ್ಟೆಯಲ್ಲಿ ಕುಳಿತ ಕಾಯಿಗೆ ಅಭಯ, ಬಯಲಿಗೆ ಬಂದ ಕಾಯಿಗೆ ಅಪಾಯ. ಕಟ್ಟೆಯಿಂದ ಕಟ್ಟೆಗೆ ಹಾಯುವ ಮುಹೂರ್ತವನ್ನು ಆರಿಸುವುದು, ಹಣ್ಣಾಗಲಿರುವ ಕಾಯಿಯ ಆಸೆಯನ್ನು ಅದುಮಿಕೊಂಡು ಹಿಂದುಳಿದ ಕಾಯಿಯನ್ನು ಕಾಯುವುದು, ನಾಲ್ವರು ಆಡುವಲ್ಲಿ ಇಬ್ಬರೊಡನೆ ಮೌನಸಂಧಿ ಮಾಡಿಕೊಂಡು ಮೂರನೆಯವಳನ್ನು ತಡೆಯುವುದು, ಇವೆಲ್ಲ ದಂಡನಾಯಕನ ಚಿಂತನೆಗಳೇ. ಕವಡೆಯ ಗರವು ದೈವಾಧೀನವೆಂಬುದು ನಿಜ. ಆದರೆ ರೈಸ್ವಿಟ್ಸನ ಆಟದಲ್ಲಿಯೂ ದಾಳಗಳಿದ್ದವು, ಏಕೆಂದರೆ ರಣರಂಗದಲ್ಲಿ ಆಕಸ್ಮಿಕಕ್ಕೆ ಪಾಲಿದೆಯೆಂಬುದನ್ನು ಅವನು ಬಲ್ಲವನಾಗಿದ್ದನು. ಅಳಗುಳಿಮಣೆಯ ಹದಿನಾಲ್ಕು ಗುಳಿಗಳಲ್ಲಿ ಕಾಳುಗಳನ್ನು ಹಂಚುತ್ತ, ಮುಂದಿನ ನಾಲ್ಕಾರು ಸುತ್ತುಗಳನ್ನು ಎಣಿಸಿಡುವ ಅಜ್ಜಿಯರ ಗಣನಾಶಕ್ತಿಯನ್ನು ಕುರಿತು ಇಲ್ಲಿ ಬೆಳೆಸುವುದಿಲ್ಲ.

ಗ್ರಂಥಸ್ಥ ಪರಂಪರೆಗೆ ಬಂದರೆ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಚತುರಂಗವೇ ಮೊದಲಾದ ಮಣೆಯಾಟಗಳು ರಾಜವಿನೋದಗಳಾಗಿ ನಿರೂಪಿತವಾಗಿವೆ. ಮುಮ್ಮಡಿ ಕೃಷ್ಣರಾಜ ಒಡೆಯರು 1831ರಲ್ಲಿ ರಾಜ್ಯಾಡಳಿತವನ್ನು ಕಳೆದುಕೊಂಡ ಬಳಿಕ ಈ ಕ್ರೀಡೆಗಳನ್ನು ಶಾಸ್ತ್ರವೆಂಬಂತೆ ಪೋಷಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೂ ಮೈಸೂರಿನ ಜಗನ್ಮೋಹನ ಅರಮನೆಯ ಭಿತ್ತಿಗಳೂ ಅದಕ್ಕೆ ಸಾಕ್ಷಿ. ಆ ಮಹಾರಾಜರ ಆಟಗಳನ್ನೂ ಕುದುರೆಯ ನಡೆಯ ಒಗಟುಗಳನ್ನೂ ವಿವರಿಸಿ ಗ್ರಂಥ ಬರೆದವರು ಆರ್. ವಸಂತ ಎಂಬ ವಿದುಷಿ. ನಮ್ಮ ಕಾಲದಲ್ಲಿ ಪಾರಂಪರಿಕ ಆಟಗಳನ್ನು ಮತ್ತೆ ಮನೆಮನೆಗೆ ತಲಪಿಸುವ ಕಾರ್ಯದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾಪ್ರತಿಷ್ಠಾನದೊಡನೆ ಹೆಸರಿಸಬೇಕಾದವರು ಚೆನ್ನೈಯಲ್ಲಿ ‘ಕ್ರೀಡಾ’ ಸಂಸ್ಥೆಯನ್ನು ಸ್ಥಾಪಿಸಿದ ವಿನೀತಾ ಸಿದ್ಧಾರ್ಥ ಅವರು.

ಪುರಾಣಗಳ ಕಲ್ಪನೆಯಲ್ಲಿ ಸ್ತ್ರೀಯು ಪಗಡೆಯ ಮಣೆಯ ಮುಂದೆ ಎರಡು ಬಗೆಯಾಗಿ ಕಾಣಿಸಿಕೊಳ್ಳುತ್ತಾಳೆ. ಎಲ್ಲೋರದ ಇಪ್ಪತ್ತೊಂದನೆಯ ಗುಹೆಯ ಶಿಲ್ಪದಲ್ಲಿ ಪಾರ್ವತಿಯು ಶಿವನ ಎದುರಾಳಿಯಾಗಿ ಸಮಸಮನಾಗಿ ಕುಳಿತಿದ್ದಾಳೆ. ಹಸ್ತಿನಾವತಿಯ ಸಭೆಯಲ್ಲಿ ದ್ರೌಪದಿಯು ಆಡುವವಳಲ್ಲ, ಪಣವಾದವಳು. ಆದರೂ ಆ ತುಂಬಿದ ಸಭೆಯಲ್ಲಿ ಆಟದ ನಿಯಮವನ್ನು ಕುರಿತು ತಳಸ್ಪರ್ಶಿಯಾದ ಪ್ರಶ್ನೆಯನ್ನು ಎತ್ತಿದವಳು ಅವಳೇ: ತನ್ನನ್ನು ತಾನೇ ಮೊದಲು ಸೋತವನಿಗೆ ಮತ್ತೊಬ್ಬರನ್ನು ಒಡ್ಡುವ ಅಧಿಕಾರವುಂಟೇ? ಭೀಷ್ಮನಿಗೂ ಉತ್ತರ ತೋಚಲಿಲ್ಲ. ಜೂಜಿನ ಆ ದುರಂತವನ್ನು ನೆನೆದು ಹೆಣ್ಣುಮಕ್ಕಳನ್ನು ಮಣೆಯಿಂದ ದೂರವಿಡುವ ಹಿರಿಯರು, ಆ ಕಥೆಯಲ್ಲಿ ನಿಯಮಜ್ಞಾನವು ಯಾರ ಕಡೆಗಿತ್ತೆಂಬುದನ್ನು ಚಿಂತಿಸಬೇಕು.

ಸ್ತ್ರೀಯರಿಗೆ ಸಮರಕ್ರೀಡೆಯನ್ನು ವಹಿಸಿಕೊಟ್ಟರೆ ಏನಾಗುವುದೆಂಬುದಕ್ಕೆ ಚರಿತ್ರೆಯು ಒಂದು ಪ್ರತ್ಯಕ್ಷ ಪ್ರಮಾಣವನ್ನು ಒದಗಿಸಿದೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ನೌಕೆಗಳು ಅಟ್ಲಾಂಟಿಕ್ ಸಾಗರದ ಸರಕುಹಡಗುಗಳನ್ನು ಮುಳುಗಿಸುತ್ತಿದ್ದಾಗ, 1942ರ ಜನವರಿಯಲ್ಲಿ, ಕ್ಷಯರೋಗದ ದೆಸೆಯಿಂದ ಬ್ರಿಟಿಷ್ ನೌಕಾದಳದಿಂದ ನಿವೃತ್ತನಾಗಿದ್ದ ಕ್ಯಾಪ್ಟನ್ ಗಿಲ್ಬರ್ಟ್ ರಾಬರ್ಟ್ಸನಿಗೆ ಲಿವರ್‌ಪೂಲಿನಲ್ಲಿ ಒಂದು ಸಮರಕ್ರೀಡಾಕೇಂದ್ರವನ್ನು ಸ್ಥಾಪಿಸುವ ಹೊಣೆ ಬಂದಿತು. ಅವನಿಗೆ ದೊರೆತ ಸಹಾಯಕರಲ್ಲಿ ಹೆಚ್ಚಿನವರು ನೌಕಾದಳದ ಸ್ತ್ರೀವಿಭಾಗದ ತರುಣಿಯರು. ಹಲವರ ವಯಸ್ಸು ಇಪ್ಪತ್ತರ ಆಸುಪಾಸು. ಕೊಠಡಿಯ ನೆಲವೇ ಅವರ ಸಮುದ್ರ. ಅದರ ಮೇಲೆ ಚೌಕಗಳನ್ನೆಳೆದು, ಮರದ ಪುಟ್ಟ ಹಡಗುಗಳನ್ನಿಟ್ಟು, ಪ್ರತಿಯೊಂದು ನಡೆಯನ್ನೂ ಸೀಮೆಸುಣ್ಣದಿಂದ ಗುರುತಿಸುತ್ತಿದ್ದರು. ಆಡಲು ಬಂದ ಅಧಿಕಾರಿಗಳನ್ನು ಬಟ್ಟೆಯ ತೆರೆಯ ಹಿಂದೆ ನಿಲ್ಲಿಸಿ, ನಿಜವಾದ ಕಡಲಿನಲ್ಲಿ ಅವರಿಗೆ ಕಾಣುವಷ್ಟನ್ನೇ ಕಿಂಡಿಯಿಂದ ಕಾಣಗೊಡುತ್ತಿದ್ದರು. ಹಳೆಯ ಕದನಗಳನ್ನು ಹೀಗೆ ನೆಲದ ಮೇಲೆ ಮರಳಿ ಆಡಿದಾಗ, ಶತ್ರುನೌಕೆಯು ಹಡಗುಗಳ ಸಾಲಿನ ಹೊರಗಿನಿಂದ ಟಾರ್ಪಿಡೊ ಹಾರಿಸುವುದೆಂಬ ನಂಬಿಕೆ ತಪ್ಪೆಂದೂ, ಅದು ರಾತ್ರಿಯ ಕತ್ತಲಲ್ಲಿ ಹಿಂದಿನಿಂದ ಹಡಗುಗಳ ಸಾಲಿನೊಳಕ್ಕೇ ನುಗ್ಗುವುದೆಂದೂ ಸಿದ್ಧಪಟ್ಟಿತು. ಅದನ್ನೆದುರಿಸಲು ಹೂಡಿದ ಮೊದಲ ವ್ಯೂಹಕ್ಕೆ ‘ರಾಸ್ಪ್‌ಬೆರಿ’ ಎಂಬ ಹೆಸರಿಟ್ಟವಳು ಆ ತರುಣಿಯರಲ್ಲೊಬ್ಬಳಾದ ಜೀನ್ ಲೇಡ್ಲಾ. ಮುಂದೆ ಆ ಸಾಗರಪ್ರಾಂತದ ನೌಕಾಧಿಪತಿಯಾದ ಮ್ಯಾಕ್ಸ್ ಹಾರ್ಟನ್ ಹಿಂದಿನ ಮಹಾಯುದ್ಧದಲ್ಲಿ ಸ್ವತಃ ಜಲಾಂತರ್ನೌಕೆಯನ್ನು ನಡೆಸಿ ಹೆಸರಾದವನು; ಅವನು ಈ ನೆಲದ ಮೇಲೆ ಶತ್ರುಪಕ್ಷವನ್ನು ವಹಿಸಿ ಆಡಿ, ಜಾನೆಟ್ ಓಕೆಲ್ ಎಂಬ ತರುಣಿಗೆ ಐದು ಸಲ ಸೋತನು. ಯುದ್ಧ ಮುಗಿಯುವುದರೊಳಗೆ ಸುಮಾರು 5,000 ಅಧಿಕಾರಿಗಳು ಅಲ್ಲಿ ಪಾಠ ಹೇಳಿಸಿಕೊಂಡಿದ್ದರು.

ಈ ತರುಣಿಯರಲ್ಲಿ ಯಾರಿಗೂ ಕದನದ ಕಡಲನ್ನು ಕಂಡ ಅನುಭವವಿರಲಿಲ್ಲ. ಅವರಿಗೆ ದೊರೆತದ್ದು ಒಂದು ಸ್ಥಳ, ಗೊತ್ತಾದ ಹೊತ್ತು, ಗೆಲ್ಲಲು ಅವಕಾಶವುಳ್ಳ ಸಮರ್ಥ ಎದುರಾಳಿ. ನನ್ನ ದೃಷ್ಟಿಯಲ್ಲಿ ಸ್ತ್ರೀಯರಿಗೆ ಈ ಕ್ರೀಡೆಯಲ್ಲಿ ಕೊರತೆಯಾಗಿರುವುದು ಈ ಮೂರೇ. ಬುದ್ಧಿಯ ಕೊರತೆಯೆಂಬ ವಾದವು ಪರಿಶೀಲನೆಗೂ ಅರ್ಹವಲ್ಲ. ಅಭಿರುಚಿಯ ಕೊರತೆಯೆಂಬ ವಾದವನ್ನು ಜಗಲಿಯ ಚೌಕಾಬಾರವೇ ಸುಳ್ಳುಮಾಡುತ್ತದೆ.

ಆ ಮೂರರಲ್ಲಿ ಕಡೆಯದಾದ ಸಮರ್ಥ ಎದುರಾಳಿಯನ್ನು ಕುರಿತು ಚದುರಂಗದ ಇತಿಹಾಸವು ಇನ್ನಷ್ಟು ಹೇಳುತ್ತದೆ. ಭಾರತದ ಮೊದಲ ಮಹಿಳಾ ರಾಷ್ಟ್ರೀಯ ಚದುರಂಗ ಸ್ಪರ್ಧೆಯು ನಡೆದದ್ದು ನಮ್ಮ ಬೆಂಗಳೂರಿನಲ್ಲಿಯೇ, 1974ರಲ್ಲಿ. ಗೆದ್ದವರು ವಾಸಂತಿ ಖಾಡಿಲ್ಕರ್. ಅವರ ತಂಗಿ ರೋಹಿಣಿಯು ಎರಡು ವರ್ಷಗಳ ಅನಂತರ, ಇನ್ನೂ ಬಾಲೆಯಾಗಿದ್ದಾಗಲೇ, ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಿದಳು. ಅದಕ್ಕೆ ಬಂದ ಆಕ್ಷೇಪವು ಉಚ್ಚ ನ್ಯಾಯಾಲಯದವರೆಗೂ ಹೋಗಿ, ಕಡೆಗೆ ವಿಶ್ವ ಚದುರಂಗ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ, ಸ್ತ್ರೀಯೆಂಬ ಕಾರಣದಿಂದ ಯಾರನ್ನೂ ಮುಕ್ತ ಸ್ಪರ್ಧೆಯಿಂದ ಹೊರಗಿಡಕೂಡದೆಂದು ತೀರ್ಪಿತ್ತನು. 2025ರ ಮಹಿಳಾ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಕೊನೇರು ಹಂಪಿ ಮತ್ತು ದಿವ್ಯಾ ದೇಶಮುಖ್ ಎಂಬ ಇಬ್ಬರು ಭಾರತೀಯರೇ ಎದುರುಬದುರಾದರು. ಪ್ರತ್ಯೇಕ ಸ್ಪರ್ಧೆಯು ಪ್ರವೇಶದ್ವಾರವಾಗಿ ಉಪಕಾರಿ; ಅದನ್ನೇ ಗೋಡೆಯಾಗಿ ಮಾಡಿದರೆ ಅಪಕಾರಿ.

ಇನ್ನು ದೊಡ್ಡಬೆಳವಂಗಲದಂತಹ ಊರಿನಲ್ಲಿ ಮಾಡಬಹುದಾದುದೇನು? ಹೊತ್ತಿನ ವಿಚಾರ ಮೊದಲು. ಬೆಳಗ್ಗೆಯೂ ಸಂಜೆಯೂ ಡೇರಿಗೆ ಹಾಲು ಹಾಕಬೇಕಾದ ಹೆಂಗಸಿಗೆ, ಮಗ್ಗದ ಪಾಳಿಗೆ ಹೋಗುವ ಹುಡುಗಿಗೆ, ನಗರದ ಕ್ರೀಡಾಸಂಘಗಳು ಆರಿಸುವ ಭಾನುವಾರದ ರಾತ್ರಿ ಎಂದೂ ಒದಗದು. ಒದಗುವುದು ಊಟವಾಗಿ ಸಂಜೆಯ ಹಾಲು ಕರೆಯುವುದಕ್ಕೆ ಮುಂಚಿನ ಮಧ್ಯಾಹ್ನ. ಸ್ಥಳವನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. 2000-01ರಿಂದ ನಡೆದುಬಂದಿರುವ ಸ್ತ್ರೀಶಕ್ತಿ ಸಂಘಗಳು ಸಭೆಸೇರುವ ಜಗಲಿಗಳಿವೆ. ಅರಿವು ಕೇಂದ್ರವೆಂದು ಕರೆಯಲಾಗುವ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಮಂದಿಯ ನೋಟಕ್ಕೆ ಅಂಜಿ ಒಬ್ಬಳೇ ಬರಲಾರದ ಹುಡುಗಿಯು ಅತ್ತಿಗೆಯೊಡನೆಯೋ ಓರಗೆಯವರೊಡನೆಯೋ ಬರುವಳು; ಮೊದಲು ಕಲಿಸುವವಳೂ ಹೆಂಗಸಾಗಿದ್ದರೆ ಮತ್ತೂ ಮೇಲು. ಹೊರದೇಶದ ಬಣ್ಣದ ಸೈನಿಕಪ್ರತಿಮೆಗಳಿಗೆ ಸಾವಿರಾರು ರೂಪಾಯಿ ಸುರಿಯುವ ಅಗತ್ಯವಿಲ್ಲ. ಹುಲಿ-ಕುರಿಯಿಂದ ಆರಂಭಿಸಿ, ಅದರಲ್ಲಿ ಪಳಗಿದವರಿಗೆ ನಮ್ಮ ಚರಿತ್ರೆಯ ಸಮರಗಳನ್ನೇ ಆಟವಾಗಿ ರಚಿಸಿಕೊಡಬಹುದು.

ಚರಿತ್ರೆಯನ್ನು ದೂರಕ್ಕೆ ಹೋಗಿ ಹುಡುಕಬೇಕಾಗಿಯೂ ಇಲ್ಲ. ಇದೇ ಸೀಮೆಯ ನಂದಿದುರ್ಗವನ್ನು 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯವು ಮುತ್ತಿ, ಅಕ್ಟೋಬರಿನಲ್ಲಿ ವಶಪಡಿಸಿಕೊಂಡಿತು. ಕಡಿದಾದ ಬೆಟ್ಟದ ಮೇಲೆ ಟೀಪುವಿನ ಅಲ್ಪಸಂಖ್ಯೆಯ ರಕ್ಷಕರು, ಕೆಳಗೆ ಫಿರಂಗಿಗಳನ್ನು ಮೇಲೇರಿಸಲು ಹೆಣಗುವ ಬಹುಸಂಖ್ಯೆಯ ಮುತ್ತಿಗೆದಾರರು: ಹುಲಿ-ಕುರಿಯನ್ನು ಬಲ್ಲವಳಿಗೆ ಈ ವಿನ್ಯಾಸವು ಪರಿಚಿತವೇ. ಉಳ್ಳಾಲದ ಅಬ್ಬಕ್ಕ, ಔರಂಗಜೇಬನ ಸೇನೆಯನ್ನೆದುರಿಸಿದ ಕೆಳದಿಯ ಚೆನ್ನಮ್ಮ, ಕಿತ್ತೂರಿನ ಚೆನ್ನಮ್ಮ ಇವರ ಕದನಗಳೂ ಮಣೆಗೆ ಬರಬೇಕು. ಆದರೆ ಹೆಂಗಸರಿಗೆ ವೀರರಾಣಿಯರ ಪಾತ್ರವನ್ನು ಮಾತ್ರ ಕೊಟ್ಟು ಕೂರಿಸುವುದು ಮತ್ತೊಂದು ಬಗೆಯ ಕಟ್ಟು. ಕಾರ್ನ್‌ವಾಲಿಸನ ಪಕ್ಷವನ್ನು ವಹಿಸಿ ಅವನಿಗಿಂತ ಚೆನ್ನಾಗಿ ಮುತ್ತಿಗೆ ಹಾಕುವ ಅಧಿಕಾರವೂ ಅವರಿಗಿರಬೇಕು. ಹೆಣ್ಣುಮಕ್ಕಳಿಗೆಂದು ಆಟವನ್ನು ಮೆತ್ತಗೆ ಮಾಡುವ ಪ್ರವೃತ್ತಿಯನ್ನಂತೂ ಸರ್ವಥಾ ವರ್ಜಿಸಬೇಕು.

ಜಾನಪದ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಜ್ಞಾಪನೆ: ಹೋಬಳಿಯ ಹಳ್ಳಿಗಳ ಹಿರಿಯ ಹೆಂಗಸರು ಆಡಿದ ಆಟಗಳನ್ನು, ಅವರ ನಿಯಮಭೇದಗಳನ್ನು, ಯಾರೊಡನೆ ಎಲ್ಲಿ ಕುಳಿತು ಆಡಿದರೆಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸಿರಿ, ಒರೆಸಿಹೋದ ಮಣೆಗಳಿಗೆ ಅದೊಂದೇ ಆಧಾರ. ಗ್ರಂಥಾಲಯಗಳ ಮೇಲ್ವಿಚಾರಕರಲ್ಲಿಯೂ ಶಾಲೆಯ ಉಪಾಧ್ಯಾಯಿನಿಯರಲ್ಲಿಯೂ ಇನ್ನೊಂದು: ಬರುವ ಬೇಸಗೆಯ ರಜೆಯಲ್ಲಿ ಓದುವ ಮೇಜಿನ ಪಕ್ಕದಲ್ಲಿ ಒಂದು ಹುಲಿ-ಕುರಿ ಮಣೆಯನ್ನಿರಿಸಿ, ಮಧ್ಯಾಹ್ನದ ಎರಡು ಗಂಟೆಗಳನ್ನು ಹೆಣ್ಣುಮಕ್ಕಳಿಗಾಗಿ ಮೀಸಲಿಟ್ಟು, ಮೊದಲ ಆಟದಲ್ಲಿಯೇ ಹುಲಿಗಳನ್ನು ಅವರ ಕೈಗೆ ಕೊಡಿರಿ.