ಮಾಚ್‌ಕುಂಡದ ನೀರು, ಗಾಜುವಾಕದ ತಂತಿ

ಅಣೆಕಟ್ಟುಗಳ ಚರಿತ್ರೆಯನ್ನು ನಾವು ಸಾಕಷ್ಟು ಓದಿದ್ದೇವೆ. ಅಲ್ಲಿಂದ ಹೊರಟ ತಂತಿಗಳ ಚರಿತ್ರೆಯನ್ನು ಓದಿದ್ದು ಕಡಿಮೆ. ಅಣೆಕಟ್ಟಿಗೆ ಹೆಸರಿರುತ್ತದೆ, ಉದ್ಘಾಟನೆಯ ಕಲ್ಲಿರುತ್ತದೆ. ಹೊಲ, ಗುಡ್ಡ ದಾಟಿ ಸಾಗುವ ಕಬ್ಬಿಣದ ಗೋಪುರಗಳಿಗೆ ಬರೀ ಸಂಖ್ಯೆ. ಆದರೆ ಒಂದು ನದಿಯ ಶಕ್ತಿ ಯಾರ ಪಾಲಾಯಿತು ಎಂಬುದನ್ನು ತಿಳಿಯಬೇಕಾದರೆ ಆ ಗೋಪುರಗಳು ಹಿಡಿದ ದಾರಿಯನ್ನೇ ನೋಡಬೇಕು.

ಕನ್ನಡಿಗರಿಗೆ ಇದರ ಮೊದಲ ಪಾಠ ಶಿವನಸಮುದ್ರದಲ್ಲಿ ದೊರೆಯಿತು. 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದು 1905ರಲ್ಲಿ. ಜಲಪಾತದ ಸುತ್ತಲ ಹಳ್ಳಿಗಳ ಸರದಿ ಇನ್ನೂ ತಡವಾಗಿ ಬಂತು. ಹಣ ಕೊಡಬಲ್ಲ ಗಿರಾಕಿ ಎಲ್ಲಿದ್ದನೋ ತಂತಿ ಅಲ್ಲಿಗೆ ನಡೆಯಿತು.

ಅರ್ಧ ಶತಮಾನದ ಬಳಿಕ ಪೂರ್ವಘಟ್ಟಗಳಲ್ಲಿ ಇದೇ ಕ್ರಮ ಮರುಕಳಿಸಿತು. ಮದ್ರಾಸ್ ಸರ್ಕಾರದ ಕಾಲದಲ್ಲಿ ವಿಶಾಖಪಟ್ಟಣ ಮತ್ತು ಬೆಜವಾಡಗಳು, ಎಂದರೆ ಇಂದಿನ ವಿಜಯವಾಡವೂ, ಕಲ್ಲಿದ್ದಲು ಉರಿಸುವ ಸಣ್ಣ ಕೇಂದ್ರಗಳನ್ನು ನಂಬಿದ್ದವು. ಕಲ್ಲಿದ್ದಲನ್ನು ದೂರದಿಂದ ತರಿಸಬೇಕಿತ್ತು. ನೀರಾದರೋ ಬೆಟ್ಟದ ಮೇಲೆ ಡುಡುಮ ಜಲಪಾತವಾಗಿ ಧುಮುಕುತ್ತಿತ್ತು. ಅದು ಮಾಚ್‌ಕುಂಡ್ ನದಿ; ಎರಡು ಪ್ರಾಂತಗಳ ಗಡಿಯಲ್ಲಿ ಹರಿಯುವ ನದಿ. ಹಾಗಾಗಿ ಗೋಪುರಗಳಿಗೆ ಮುಂಚೆ ಒಪ್ಪಂದವೊಂದು ನಿಲ್ಲಬೇಕಾಯಿತು. 1946ರಲ್ಲಿ ಮದ್ರಾಸ್ ಮತ್ತು ಒಡಿಶಾ ಸರ್ಕಾರಗಳು ವಿದ್ಯುತ್ತನ್ನು ನೂರರಲ್ಲಿ ಎಪ್ಪತ್ತು, ಮೂವತ್ತರಂತೆ ಹಂಚಿಕೊಳ್ಳಲು ಒಪ್ಪಿದವು. ಮುಂದೆ ಅದು ಸಮಪಾಲಾಯಿತು. 1953ರಲ್ಲಿ ಆಂಧ್ರ ರಾಜ್ಯ ಬೇರೆಯಾದಾಗ ಮದ್ರಾಸಿನ ಪಾಲು ಅದಕ್ಕೆ ಬಂತು. 1955ರಲ್ಲಿ ಯಂತ್ರಗಳು ತಿರುಗಿದವು.

ಮಲೇರಿಯಾಕ್ಕೆ ಕುಖ್ಯಾತವಾದ ಕಾಡುಗಳ ನಡುವೆ, ರಸ್ತೆಯಿಲ್ಲದ ಇಳಿಜಾರುಗಳಲ್ಲಿ ಗೋಪುರಗಳನ್ನು ನಿಲ್ಲಿಸಿ ತಂತಿಯನ್ನು ಕರಾವಳಿಗೆ ಇಳಿಸಿದರು. ವಿಶಾಖಪಟ್ಟಣದ ಬಂದರಿಗೆ, ಬೆಳೆಯುತ್ತಿದ್ದ ಕಾರ್ಖಾನೆಗಳಿಗೆ ಬೆಟ್ಟದ ನೀರು ಬಲವಾಯಿತು. ನೀರನ್ನು ಹಿಡಿದಿಟ್ಟ ಜಲಾಪುಟ್ ಜಲಾಶಯದಲ್ಲಿ ಮಾತ್ರ ಸಾವಿರಾರು ಕುಟುಂಬಗಳ ಹೊಲಮನೆಗಳು ಮುಳುಗಿದವು. ಅವರಲ್ಲಿ ಬಹಳ ಮಂದಿ ಆದಿವಾಸಿಗಳು. ಬದಲಿ ನೆಲೆ ಸಿಕ್ಕಿದ್ದು ಕೆಲವರಿಗಷ್ಟೆ. ಲಿಂಗನಮಕ್ಕಿಯ ಮುಳುಗಡೆಯನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ನದಿ ಕೆಳಗೆ ಸೀಲೇರು ಎನಿಸಿಕೊಂಡು ಮತ್ತೆ ಮತ್ತೆ ದುಡಿಯುತ್ತದೆ. 1970ರ ದಶಕದಲ್ಲಿ ಕೆಳ ಸೀಲೇರಿನ 460 ಮೆಗಾವಾಟ್ ಕೇಂದ್ರ ಸೇರಿದಾಗ ಕರಾವಳಿಯ ಜಾಲ ಇನ್ನಷ್ಟು ಹಿಗ್ಗಿತು. ಆದರೂ ದಕ್ಷಿಣದ ಜಾಲ ದಕ್ಷಿಣದ್ದೇ, ಪೂರ್ವದ್ದು ಪೂರ್ವದ್ದೇ ಆಗಿತ್ತು. ಎರಡರ ಆವರ್ತನವೂ ಹೆಸರಿಗೆ 50 ಹರ್ಟ್ಸ್. ಆದರೆ ಹೆಜ್ಜೆ ಕೂಡುತ್ತಿರಲಿಲ್ಲ. ಹೆಜ್ಜೆ ತಪ್ಪಿದ ಜಾಲಗಳನ್ನು ನೇರವಾಗಿ ಜೋಡಿಸಿದರೆ ಎರಡೂ ಕುಸಿಯುತ್ತವೆ. 1999ರಲ್ಲಿ ವಿಶಾಖಪಟ್ಟಣದ ಗಾಜುವಾಕದಲ್ಲಿ ಇದಕ್ಕೊಂದು ಉಪಾಯ ನೆಲೆಗೊಂಡಿತು. ಒಡಿಶಾದ ಜೈಪುರದಿಂದ ಬಂದ ಎ.ಸಿ. ವಿದ್ಯುತ್ತನ್ನು ಅಲ್ಲಿ ಡಿ.ಸಿ.ಯಾಗಿಸಿ, ಒಡನೆಯೇ ದಕ್ಷಿಣದ ಲಯಕ್ಕೆ ಹೊಂದುವ ಎ.ಸಿ.ಯಾಗಿ ಮರಳಿಸುತ್ತಾರೆ. ಮೊದಲು 500 ಮೆಗಾವಾಟ್, 2005ರಲ್ಲಿ ಮತ್ತೆ 500. ಅಲ್ಲಿಂದ ಮುಂದೆ ತಂತಿಗಳು ಗೋದಾವರಿ ದಾಟಿ ವಿಜಯವಾಡದ ನುನ್ನ ಉಪಕೇಂದ್ರದ ಕಡೆಗೆ ಸಾಗುತ್ತವೆ.

ಈ ಬಾಗಿಲು ಬೇಲಿಯೂ ಆಗಿತ್ತು. 2012ರ ಜುಲೈ ಕೊನೆಯಲ್ಲಿ ಉತ್ತರ, ಪೂರ್ವ ಭಾರತ ಕತ್ತಲಲ್ಲಿ ಮುಳುಗಿದಾಗ, ಹೆಜ್ಜೆ ಕೂಡಿಸದ ದಕ್ಷಿಣದಲ್ಲಿ ದೀಪ ಉರಿಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕಿಲೋವೋಲ್ಟ್ ಮಾರ್ಗ ದಕ್ಷಿಣವನ್ನೂ ರಾಷ್ಟ್ರಜಾಲದ ಲಯಕ್ಕೆ ಸೇರಿಸಿತು. ಕೊರತೆಯ ದಿನ ನೆರವು ಪಡೆಯುವ ದಾರಿ ಅಗಲವಾಯಿತು. ಅನ್ಯರ ಕುಸಿತದಲ್ಲಿ ಪಾಲುಗೊಳ್ಳುವ ಅಪಾಯವೂ ಜೊತೆಗೇ ಬಂತು.

ಜಾಲವನ್ನು ಸೇರಿದ ವಿದ್ಯುತ್ತಿಗೆ ಊರಿಲ್ಲ. ರಾಯಚೂರಿನ ಮನೆಯೊಂದರಲ್ಲಿ ಉರಿಯುವ ದೀಪ ಯಾವ ನದಿಯದೆಂದು ಯಾವ ಮೀಟರೂ ಹೇಳಲಾರದು. ಆದ್ದರಿಂದಲೇ ಅದನ್ನು ಚರಿತ್ರೆ ಹೇಳಬೇಕು. ನೀರಿಗಾಗಿ ಜಗಳವಾಡುವ ರಾಜ್ಯಗಳು ತಂತಿಯ ಮೂಲಕ ಹಂಚಿಕೊಳ್ಳಲು ಕಲಿತವು ಎಂಬುದು ಸಣ್ಣ ಸಾಧನೆಯಲ್ಲ. ಆದರೆ 1946ರ ಆ ಲೆಕ್ಕದಲ್ಲಿ ನೂರು ಪಾಲೂ ಎರಡು ಸರ್ಕಾರಗಳಿಗೇ ಸಂದವು. ಜಲಾಪುಟ್ಟಿನ ನೀರಿನಡಿ ನೆಲ ಬಿಟ್ಟವರಿಗೆಂದು ಅಲ್ಲಿ ಒಂದು ಪಾಲೂ ಉಳಿದಿರಲಿಲ್ಲ.