ಧೈರ್ಯ ಯಾರ ರಕ್ತದಲ್ಲಿತ್ತು?

'ಹುಟ್ಟುಗುಣ ಸುಟ್ಟರೂ ಹೋಗದು' ಅಂತಾರೆ. ಕೆಳದಿ ಚೆನ್ನಮ್ಮನ ಇತಿಹಾಸ ಓದಿದಾಗೆಲ್ಲ ನನಗೆ ಈ ಗಾದೆ ಮೇಲೆ ಅನುಮಾನ.

ಚೆನ್ನಮ್ಮ ಹುಟ್ಟಿದ್ದು ಸಿದ್ದಪ್ಪ ಶೆಟ್ಟಿ ಅನ್ನೋ ವರ್ತಕನ ಮನೆಯಲ್ಲಿ. ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ ಸುಮಾರು 25 ವರ್ಷ ಆಳಿದಳು. ಸಾಗರದ ಕೆಳದಿ, ತೀರ್ಥಹಳ್ಳಿಯ ಕವಲೇದುರ್ಗ ಎಲ್ಲ ಅವಳದೇ. ರಾಜಧಾನಿ ಹೊಸನಗರದ ಬಿದನೂರು.

1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಕೊಲ್ಲಿಸಿದ. ಸಂಭಾಜಿಯ ತಮ್ಮ ರಾಜಾರಾಮ ತಪ್ಪಿಸಿಕೊಂಡು ಜಿಂಜಿಗೆ ಹೋಗುವಾಗ ಚೆನ್ನಮ್ಮನ ಆಶ್ರಯ ಕೇಳಿದ. ಕೊಟ್ಟರೆ ಮೊಘಲರ ಸೈನ್ಯ ಬರೋದು ಖಚಿತ. ಕೊಟ್ಟಳು. ಸೈನ್ಯ ಬಂತು, ಎದುರಿಸಿದಳು.

ಅವಳ ನಂತರ ಆಳಿದ, ಶಿವತತ್ತ್ವರತ್ನಾಕರ ಬರೆದ ಬಸಪ್ಪ ನಾಯಕನೂ ದತ್ತುಮಗನೇ!

ಅಪಾಯಕ್ಕೆ ಎದೆಯೊಡ್ಡೋ ಸ್ವಭಾವದಲ್ಲಿ ಜೀನ್‌ಗಳ ಪಾಲೂ ಇದೆ ಅಂತ ಅವಳಿಮಕ್ಕಳ ಅಧ್ಯಯನಗಳು ಹೇಳುತ್ತವೆ. ಒಪ್ಪೋಣ. ಆದರೆ ಯಾರಿಗೋಸ್ಕರ ಎದೆಯೊಡ್ಡಬೇಕು? ಶರಣು ಬಂದವರನ್ನು ಬಿಟ್ಟುಕೊಡಬಾರದು ಅನ್ನೋದು, ನನ್ನ ಪ್ರಕಾರ, ಮನೆಯಲ್ಲಿ ಕಲಿತ ಪಾಠ. ನೀವೇನಂತೀರಿ?