ಗಣಕವನ್ನು ಮಲಗಿಸುವವರು ಯಾರು?

ಲ್ಯಾಪ್‌ಟಾಪ್ ಮುಚ್ಚಿದರೆ ಮಲಗುತ್ತದೆ, ತೆರೆದರೆ ಏಳುತ್ತದೆ. ಇದರಲ್ಲೇನು ವಿಶೇಷ ಅಂತೀರಾ? ಮಲಗಿಸುವ ಅಧಿಕಾರ ಯಾರದ್ದು ಎಂಬ ಹಗ್ಗಜಗ್ಗಾಟ 20 ವರ್ಷ ನಡೆದಿದೆ. ಕರ್ನೆಲ್ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ ಇದು.

1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ ಎಪಿಎಂ ಎಂಬ ವ್ಯವಸ್ಥೆ ತಂದವು. ಅದರಲ್ಲಿ ಯಜಮಾನಿಕೆ ಹೆಚ್ಚಾಗಿ ಬಯಾಸ್‌ನದ್ದು, ಅಂದರೆ ಮದರ್‌ಬೋರ್ಡಿನ ಚಿಪ್‌ನಲ್ಲಿ ಕೂತಿರುವ ಪುಟ್ಟ ತಂತ್ರಾಂಶದ್ದು. ಕೀಲಿಮಣೆ ಮುಟ್ಟಿ ಎಷ್ಟು ಹೊತ್ತಾಯಿತು ಎಂಬಂಥ ಲೆಕ್ಕ ಅದಕ್ಕೆ ಗೊತ್ತು. ಆದರೆ ಒಳಗೆ ಯಾವ ಪ್ರೋಗ್ರಾಮ್ ಯಾವ ಕೆಲಸದಲ್ಲಿದೆ ಎಂಬುದು ಗೊತ್ತಿಲ್ಲ. ಮನೆಯೊಳಗೆ ಅಡುಗೆ ನಡೆಯುತ್ತಿರುವಾಗ ಕಾವಲುಗಾರ ಹೊರಗಿನಿಂದ ಮೈನ್ ಸ್ವಿಚ್ ಆರಿಸಿದ ಹಾಗೆ!

ಆದ್ದರಿಂದ 1996ರ ಡಿಸೆಂಬರ್‌ನಲ್ಲಿ ತೋಷಿಬಾವನ್ನೂ ಜೊತೆಗಿಟ್ಟುಕೊಂಡು ಎಸಿಪಿಐ ಬಂತು. ಇನ್ನು ಮುಂದೆ ತೀರ್ಮಾನ ಕರ್ನೆಲ್‌ನದ್ದು. ಸಾಧನಗಳಿಗೆ ಡಿ0 (ಪೂರ್ಣ ಎಚ್ಚರ) ಇಂದ ಡಿ3 (ಆಫ್) ವರೆಗೆ ಸ್ಥಿತಿಗಳು, ಪ್ರೊಸೆಸರಿನ ಬಿಡುವಿಗೆ ಸಿ ಸ್ಥಿತಿಗಳು. 2000ದ ಎರಡನೇ ಆವೃತ್ತಿಯಲ್ಲಿ ವೇಗ ಏರಿಳಿಸಲು ಪಿ ಸ್ಥಿತಿಗಳೂ ಸೇರಿದವು.

ಆದರೆ 'ಹೇಗೆ ಮಲಗಿಸಬೇಕು' ಎಂಬ ವಿವರ ಯಂತ್ರ ತಯಾರಕರು ಬರೆದ ಕೋಷ್ಟಕಗಳಲ್ಲೇ ಉಳಿಯಿತು. ಹಲವರು ಅದನ್ನು ವಿಂಡೋಸ್‌ನಲ್ಲಿ ಮಾತ್ರ ಪರೀಕ್ಷಿಸುತ್ತಿದ್ದರು. ಹಾಗಾಗಿ "ವಿಂಡೋಸ್‌ಗೆ ಹೊಂದುತ್ತೀಯಾ?" ಎಂದು ಫರ್ಮ್‌ವೇರ್ ಕೇಳಿದರೆ ಲಿನಕ್ಸ್ ಇಂದಿಗೂ "ಹೌದು" ಎನ್ನುತ್ತದೆ. ಬದುಕಬೇಕಲ್ಲ!

ತಪ್ಪು ಕೆಳಗಿನವರದ್ದು ಮಾತ್ರವೇ? ಅಲ್ಲ. ಲಿನಕ್ಸ್ 2.6ರ ಆರಂಭದಲ್ಲಿ ಸಾಮಾನ್ಯ ಪಿಸಿಗಳಲ್ಲಿ ಕರ್ನೆಲ್ಲೇ ಸೆಕೆಂಡಿಗೆ 1000 ಸಲ ಪ್ರೊಸೆಸರನ್ನು ತಟ್ಟಿ ಎಬ್ಬಿಸುತ್ತಿತ್ತು, ಕೆಲಸ ಇರಲಿ ಬಿಡಲಿ. 2007ರ ಏಪ್ರಿಲ್‌ನಲ್ಲಿ ಬಂದ 2.6.21ರಲ್ಲಿ, ಬಿಡುವಿದ್ದಾಗ ಆ ಟಿಕ್ ನಿಲ್ಲಿಸುವ ಸೌಲಭ್ಯ ಸೇರಿತು. ಅದೇ ವರ್ಷ ಇಂಟೆಲ್ ಬಿಡುಗಡೆ ಮಾಡಿದ ಪವರ್‌ಟಾಪ್, ಯಾವ ಪ್ರೋಗ್ರಾಮ್ ಎಷ್ಟು ಸಲ ನಿದ್ದೆ ಕೆಡಿಸುತ್ತಿದೆ ಎಂದು ಹೆಸರು ಹಿಡಿದು ತೋರಿಸಿತು.

ಆಮೇಲೆ ಆಂಡ್ರಾಯ್ಡ್ ಬಂತು. ಫೋನ್ ಸದಾ ಮಲಗಲು ಹವಣಿಸುತ್ತಿರಲಿ, ಬೇಕಾದವರು 'ವೇಕ್‌ಲಾಕ್' ಹಿಡಿದು ಎಚ್ಚರವಾಗಿಡಲಿ ಎಂಬುದು ಅದರ ವಾದ. ಅಪ್ಲಿಕೇಶನ್‌ಗಳ ಕೈಗೆ ಇಷ್ಟು ಅಧಿಕಾರವೇ ಎಂದು 2010ರಲ್ಲಿ ಕರ್ನೆಲ್ ಅಭಿವೃದ್ಧಿಗಾರರ ನಡುವೆ ದೊಡ್ಡ ಚರ್ಚೆಯಾಯಿತು. ಕೊನೆಗೆ 2012ರಲ್ಲಿ, ಲಿನಕ್ಸ್ 3.5ರಲ್ಲಿ ಅಂಥದ್ದೇ ಸೌಲಭ್ಯ ಬೇರೆ ರೂಪದಲ್ಲಿ ಒಳಗೆ ಬಂತು.

ನನಗನ್ನಿಸುವುದು ಇಷ್ಟೇ: ಅಧಿಕಾರ ಕರ್ನೆಲ್‌ಗೆ ಸಿಕ್ಕಿತು ನಿಜ, ಆದರೆ ಕೆಳಗಿನ ಫರ್ಮ್‌ವೇರ್, ಮೇಲಿನ ಅಪ್ಲಿಕೇಶನ್ ಎರಡೂ ಸಹಕರಿಸದಿದ್ದರೆ ಆ ಅಧಿಕಾರ ಬರೀ ಹೆಸರಿಗೆ. ಫೋನಿನ ಚಾರ್ಜ್ ಬೇಗ ಇಳಿದರೆ ಬ್ಯಾಟರಿಯನ್ನು ಬೈಯುವ ಮುಂಚೆ, ಅದರ ನಿದ್ದೆ ಕೆಡಿಸಿದ್ದು ಯಾರು ಅಂತ ಒಮ್ಮೆ ನೋಡಿ.